ವಿಮಾನದಲ್ಲಿ ಹೊಗೆ ತುಂಬಿದ್ರೆ ಆ ಹಳದಿ ಮಾಸ್ಕ್ ಕಾಪಾಡುತ್ತಾ?

ನಮ್ಮೂರು ಗೋಕಾಕ ಹತ್ತಿರದ ಧುಪದಾಳ. ಹೋದ ಸಲ ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತಿದಾಗ ತಮ್ಮ ಕೇಳಿದ: "ಅಣ್ಣಾ, ಹೊಗಿ ತುಂಬಿದ್ರ ಮ್ಯಾಲಿಂದ ಮಾಸ್ಕ್ ಬೀಳ್ತೈತಲ್ಲ?" ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಅದು ಇರೋದು ಕ್ಯಾಬಿನ್ ಒತ್ತಡ ಕುಸಿದಾಗ ಬಳಸೋಕೆ. ಆಮ್ಲಜನಕದ ಜೊತೆ ಕ್ಯಾಬಿನ್ ಗಾಳಿಯೂ ಅದರೊಳಗೆ ಬರುತ್ತೆ, ಅಂದ್ರೆ ಹೊಗೆಯೂ.

ಹೊಗೆ ಕಂಡರೆ ಮೊದಲು ಸಿಬ್ಬಂದಿಗೆ ಹೇಳಿ. ಒದ್ದೆ ಬಟ್ಟೆಯಿಂದ ಮೂಗು, ಬಾಯಿ ಮುಚ್ಚಿ, ಬಗ್ಗಿ. ಒಲೆ ಹೊಗೆಯಾಡಿದಾಗ ನಮ್ಮವ್ವ ಕೂತೇ ರೊಟ್ಟಿ ಬಡೀತಾಳೆ, ಕೆಮ್ಮೋದು ನಿಂತ ನಾವು. ಅದೇ ಲೆಕ್ಕ.

1983ರ ಜೂನ್ 2ರಂದು ಏರ್ ಕೆನಡಾ 797 ವಿಮಾನದ ಹಿಂದಿನ ಶೌಚಾಲಯದ ಕಡೆ ಬೆಂಕಿ ಹತ್ತಿತು. ಪೈಲಟ್ ಅದನ್ನು ಸಿನ್ಸಿನಾಟಿಯಲ್ಲಿ ಇಳಿಸಿದರು. ಆದರೂ 46 ಜನರಲ್ಲಿ 23 ಜನ ಹೊರಗೆ ಬರಲಿಲ್ಲ. ಬಾಗಿಲು ತೆರೆದು ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಬೆಂಕಿ. ಹೊಗೆಯಲ್ಲಿ ದಾರಿ ಕಾಣಲಿ ಅಂತ ನೆಲದ ದೀಪಗಳು ಕಡ್ಡಾಯವಾಗಿದ್ದು ಆಮೇಲೆ.

ಅದಕ್ಕೇ ನಾನು ಕೂತ ತಕ್ಷಣ ಬಾಗಿಲವರೆಗಿನ ಸಾಲು ಎಣಿಸ್ತೀನಿ. ಕಣ್ಣಿಗೆ ಕಾಣದಿದ್ರೂ ಸೀಟು ಮುಟ್ಟಿ ಮುಟ್ಟಿ ಹೋಗಬಹುದು. ಬ್ಯಾಗ್? ಅಲ್ಲೇ ಬಿಡಿ.

ತಮ್ಮನೂ ಎಣಿಸಿದ. ಮುಂದೆ ಎಂಟು, ಹಿಂದೆ ಹನ್ನೊಂದು.