ಡಿಕ್ಕಿಯಲ್ಲೊಂದು ಶೌಚಾಲಯ

ಪ್ರಶ್ನೆ: ಮಕ್ಕಳು ಮತ್ತು ವಯಸ್ಸಾದ ಅಮ್ಮನ ಜೊತೆ ಹೊಳೆದಂಡೆಯಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಕಳೆಯುವ ಯೋಚನೆಯಿದೆ. ಜೊತೆಗೊಯ್ಯುವ ಶೌಚಾಲಯಗಳಲ್ಲಿ ಯಾವುದು ವಾಸಿ?

ಉತ್ತರ: ಮೊದಲು ಅಮ್ಮನ ಮಂಡಿನೋವು ವಿಚಾರಿಸಿ, ಆಮೇಲೆ ಬೆಲೆ ನೋಡಿ. ಮಡಚುವ ಸ್ಟೂಲಿನಂಥವು ಹಗುರ, ಅಗ್ಗ. ಆದರೆ ಹಲವು ತೀರಾ ತಗ್ಗಾಗಿರುತ್ತವೆ, ಮರಳಿನಲ್ಲಿ ಕಾಲು ಹೂತು ವಾಲುತ್ತವೆ. ಅವುಗಳ ಚೀಲಕ್ಕೆ ಹಾಕುವ ಪುಡಿ ಸಾಮಾನ್ಯವಾಗಿ ಮಕ್ಕಳ ಡೈಪರಿನಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟೇ. ದ್ರವ ಹೀರಿ ಜೆಲ್ ಆಗುತ್ತದೆ. ಚೀಲವನ್ನು ಅಲ್ಲಿ ಹೂಳುವಂತಿಲ್ಲ, ವಾಪಸು ತರಬೇಕು.

ನಿಮಗೆ ಎರಡು ತೊಟ್ಟಿಯ ಫ್ಲಶ್ ಮಾದರಿಯೇ ಸರಿ. ಮೇಲೆ ನೀರು, ಕೆಳಗೆ ಮಲ, ನಡುವೆ ವಾಸನೆ ತಡೆಯುವ ಜಾರುಮುಚ್ಚಳ. 20 ಲೀಟರಿನ ತೊಟ್ಟಿ ತುಂಬಿದರೆ 20 ಕಿಲೋ ಮೀರುತ್ತದೆ. ಹೊರುವವರು ಯಾರೆಂದು ಮನೆಯಲ್ಲೇ ತೀರ್ಮಾನವಾಗಲಿ. ಕಂಪನಿಯವರು ಹೇಳುವ ಬಳಕೆಯ ಲೆಕ್ಕವನ್ನು ಪೂರ್ತಿ ನಂಬಬೇಡಿ. ಕಾಗದ ಬಳಸುವವರಿಗೆ ಅದು ಸರಿಹೋದೀತು, ನಮ್ಮ ಚೊಂಬಿನ ನೀರೂ ಅದೇ ತೊಟ್ಟಿಗೆ ಸೇರುತ್ತದಲ್ಲ! ತುಂಬಿದ್ದನ್ನು ಶೌಚಾಲಯಕ್ಕೆ ಸುರಿಯಿರಿ, ಹೊಳೆಗಲ್ಲ. ತೊಟ್ಟಿಗೆ ಹಾಕಲು ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಬೇಡ. ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ.

ಮರೆಗೆ ಸುಮಾರು 2 ಮೀಟರ್ ಎತ್ತರದ ಗುಡಾರ ಸಾಕು. ನೀರಿನಿಂದ 60 ಮೀಟರ್ ದೂರದಲ್ಲಿ ನಿಲ್ಲಿಸಿ, ಗೂಟ ಹೊಡೆದು ಹಗ್ಗ ಬಿಗಿಯಿರಿ. ಗಾಳಿಗೆ ಮೊದಲು ಹಾರುವುದು ಇದೇ. ತಾನಾಗಿ ಬಿಚ್ಚಿಕೊಳ್ಳುವ ಗುಡಾರವನ್ನು ಮತ್ತೆ ಮಡಚುವುದು ದೊಡ್ಡ ಜಗಳ, ಮನೆಯಲ್ಲೇ ಅಭ್ಯಾಸ ಮಾಡಿ. ಬಟ್ಟೆ ದಪ್ಪಗೆ, ಗಾಢ ಬಣ್ಣದಲ್ಲಿರಲಿ. ತೆಳುವಾಗಿದ್ದರೆ ರಾತ್ರಿ ಒಳಗೆ ಟಾರ್ಚ್ ಹಚ್ಚಿದೊಡನೆ ಹೊರಗಿನವರಿಗೆ ತೊಗಲುಗೊಂಬೆಯಾಟ ಶುರು.