ಮೀನಿಗೂ ಲವಂಗ, ಅಜವಾನ

ಹಲ್ಲು ನೋವು ಬಂದರೆ ನಾವು ಏನು ಮಾಡುತ್ತೇವೆ? ಹಲ್ಲಿನ ಸಂದಿಗೆ ಲವಂಗ ಇಟ್ಟುಕೊಳ್ಳುತ್ತೇವೆ. ಹೊಟ್ಟೆ ಉಬ್ಬಿದರೆ? ಒಂದು ಚಿಟಿಕೆ ಅಜವಾನ ಬಾಯಿಗೆ ಹಾಕಿಕೊಳ್ಳುತ್ತೇವೆ. ಇದು ನಮ್ಮ ಅವ್ವ, ಅಜ್ಜಿ ಕಲಿಸಿದ್ದು. ಇದೇ ಲವಂಗ, ಇದೇ ಅಜವಾನ ಮೀನಿಗೂ ಬೇಕಾಗುತ್ತವೆ ಅಂದರೆ ನಂಬುತ್ತೀರಾ ಅಕ್ಕಾ?

ನಮ್ಮ ಯಾದಗಿರಿ ಸೀಮೆಗೆ ಕೃಷ್ಣಾ, ಭೀಮಾ ಎರಡು ಹೊಳೆಗಳು. ನಾರಾಯಣಪುರದ ಆಣೆಕಟ್ಟು 1982ರಲ್ಲಿ ಆಯಿತು. ಸುರಪುರ, ಶಹಾಪುರದ ಹೊಲಗಳಿಗೆ ಕಾಲುವೆ ನೀರು ಬಂತು. ಕೆರೆ, ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನು ಸಾಕಬಹುದು.

ಆದರೆ ಒಂದು ಭಯ ಇದೆ. ಸಂಘದ ಸಾಲ ತಂದು ಮರಿ ಬಿಟ್ಟಿರುತ್ತೇವೆ. ಒಂದು ದಿನ ನೋಡಿದರೆ ಮೀನಿನ ಮೈಮೇಲೆ ಕೆಂಪು ಗಾಯ. ರೆಕ್ಕೆ ಕೊಳೆತಿದೆ. ನಾಲ್ಕು ದಿನದಲ್ಲಿ ಮೀನು ಸತ್ತು ತೇಲುತ್ತವೆ. ಮೀನು ಹೋಯಿತು, ಸಾಲ ಉಳಿಯಿತು.

ಹೀಗೆ ಯಾಕೆ ಆಗುತ್ತದೆ? ನೀರಿನಲ್ಲಿ ಏರೋಮೋನಾಸ್ ಎಂಬ ರೋಗಾಣು ಇರುತ್ತದೆ. ಮೀನು ಗಟ್ಟಿ ಇದ್ದರೆ ಅದರ ಆಟ ನಡೆಯುವುದಿಲ್ಲ. ನೀರು ಕೆಟ್ಟು ಮೀನು ಸೊರಗಿದಾಗ ಅದು ಮೇಲೆ ಬೀಳುತ್ತದೆ.

ಆಗ ಕೆಲವರು ಆಂಟಿಬಯೋಟಿಕ್ ಔಷಧ ತಂದು ಸುರಿಯುತ್ತಾರೆ. ಹಾಗೆ ಮಾಡುವುದು ಬ್ಯಾಡ. ಮತ್ತೆ ಮತ್ತೆ ಔಷಧ ಕಂಡ ರೋಗಾಣು ಔಷಧಕ್ಕೆ ಜಗ್ಗುವುದಿಲ್ಲ. ಅಂಥ ರೋಗಾಣು ನಾಳೆ ನಮ್ಮ ಮಕ್ಕಳಿಗೆ ತಗುಲಿದರೆ ಅದೇ ಔಷಧ ನಾಟುವುದಿಲ್ಲ.

ಅದಕ್ಕೇ ವಿಜ್ಞಾನಿಗಳು ಗಿಡಗಳ ಕಡೆ ನೋಡಿದರು. ಲವಂಗ, ಅಜವಾನ, ತುಳಸಿಗಳನ್ನು ಹಬೆಯಲ್ಲಿ ಬೇಯಿಸಿದರೆ ಪರಿಮಳದ ಎಣ್ಣೆ ಸಿಗುತ್ತದೆ. ಇದನ್ನು ಸುಗಂಧ ತೈಲ ಎನ್ನುತ್ತಾರೆ. ಲವಂಗದಲ್ಲಿ ಯೂಜಿನಾಲ್, ಅಜವಾನದಲ್ಲಿ ಥೈಮಾಲ್ ಎಂಬ ಸತ್ವ ಇದೆ. ಇವು ರೋಗಾಣುವಿನ ಹೊದಿಕೆಯನ್ನೇ ಹರಿಯುತ್ತವೆ. ಗೆಂಡೆ, ತಿಲಾಪಿಯಾ ಮೀನುಗಳ ಆಹಾರದಲ್ಲಿ ಇಂಥ ಎಣ್ಣೆ ಬೆರೆಸಿ ನೋಡಿದ್ದಾರೆ. ಎಷ್ಟೋ ಪರೀಕ್ಷೆಗಳಲ್ಲಿ ಮೀನಿನ ರೋಗ ತಡೆಯುವ ಶಕ್ತಿ ಹೆಚ್ಚಿತು. ಸಾವು ಕಡಿಮೆ ಆಯಿತು. ಎಲ್ಲ ಕಡೆ ಒಂದೇ ಫಲ ಬಂದಿಲ್ಲ ಎಂಬುದೂ ನಿಜ.

ಹಾಗಾದರೆ ನಾವೂ ಎಣ್ಣೆ ತಂದು ಹೊಂಡಕ್ಕೆ ಸುರಿಯೋಣವೇ? ಬ್ಯಾಡವೇ ಬ್ಯಾಡ! ಲವಂಗದ ಎಣ್ಣೆ ನೀರಿಗೆ ಬಿದ್ದರೆ ಮೀನಿಗೆ ಮತ್ತು ಬರುತ್ತದೆ. ಹೆಚ್ಚಾದರೆ ಸಾಯುತ್ತದೆ. ಪರೀಕ್ಷೆ ಮಾಡಿದವರು ಕಿಲೋ ಆಹಾರಕ್ಕೆ ಕೆಲವೇ ಗ್ರಾಂ, ಇಲ್ಲವೇ ಅದಕ್ಕೂ ಕಡಿಮೆ ಬೆರೆಸಿದ್ದಾರೆ. ಅಳತೆ ಕೇಳದೆ ಬೆರೆಸಬಾರದು. ಅತ್ತರು, ಊದುಬತ್ತಿಯ ಎಣ್ಣೆ ಮುಟ್ಟಲೇಬಾರದು.

ಇನ್ನೊಂದು ಮಾತು. ಕೆಟ್ಟ ನೀರಿಗೆ ಯಾವ ಎಣ್ಣೆಯೂ ಮದ್ದಲ್ಲ. ಮೊದಲು ಇವನ್ನು ಮಾಡೋಣ.

* ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಸಮ ಬೆರೆಸಿ ಕೊಡೋಣ. 100 ಕಿಲೋ ಮೀನಿಗೆ ದಿನಕ್ಕೆ 2ರಿಂದ 3 ಕಿಲೋ ಸಾಕು. ಉಳಿದ ಆಹಾರ ಕೊಳೆತು ನೀರು ಕೆಡುತ್ತದೆ.
* ಬೂಸು ಹಿಡಿದ ಹಿಂಡಿ ಹಾಕಬಾರದು.
* ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ನೀರಿನಲ್ಲಿ ಗಾಳಿ ಕಡಿಮೆ ಆಗಿದೆ ಎಂದು ಅರ್ಥ. ಆಹಾರ ನಿಲ್ಲಿಸಿ ಹೊಸ ನೀರು ಬಿಡಬೇಕು.
* ಗಾಯ ಕಂಡ ದಿನವೇ ತಾಲೂಕಿನ ಮೀನುಗಾರಿಕೆ ಇಲಾಖೆಗೆ ಹೋಗಿ ತಿಳಿಸಬೇಕು.

ಸುಗಂಧ ತೈಲ ಬೆರೆಸಿದ ಆಹಾರ ಕೊಳ್ಳುವಾಗ ಚೀಲದ ಮೇಲಿನ ಬರಹ ನೋಡೋಣ. ಏನು ಬೆರೆಸಿದ್ದಾರೆ, ಯಾವ ತಾರೀಖಿನದು? ಬೇರೆ ಭಾಷೆಯಲ್ಲಿದ್ದರೆ ಓದಿ ಹೇಳು ಎಂದು ಅಂಗಡಿಯವನನ್ನೇ ಕೇಳೋಣ. ಅಂಕಿ ಅಂತೂ ಈಗ ನಮಗೇ ಓದಲು ಬರುತ್ತದೆ. ಹಳೇ ಚೀಲ ಕೊಟ್ಟು ಯಾರೂ ನಮ್ಮನ್ನು ಮೋಸ ಮಾಡಲು ಆಗುವುದಿಲ್ಲ.