ಯಕೃತ್ತಿನ ಮುಪ್ಪೂ ಅರ್ಕಾವತಿಯ ನೀರೂ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೆರೆಯಿಂದ ಕೆರೆಗೆ ಕೋಡಿಹರಿದು ಬರುವ ಅರ್ಕಾವತಿಯ ಜಲಾನಯನದಲ್ಲಿ, ದೊಡ್ಡಬಳ್ಳಾಪುರದ ಒಳಚರಂಡಿಯ ನೀರೂ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ತ್ಯಾಜ್ಯವೂ ದೊಡ್ಡತುಮಕೂರು, ಮಜರಾಹೊಸಹಳ್ಳಿಗಳ ಕೆರೆಗಳನ್ನು ಸೇರುತ್ತಿರುವುದನ್ನು ಪ್ರತಿಭಟಿಸಿ ಅಲ್ಲಿಯ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಶುದ್ಧವಾದ ನೀರು ಬೇಕೆಂಬ ಆ ಬೇಡಿಕೆ ಎಷ್ಟು ಯುಕ್ತವಾದುದೆಂಬುದನ್ನು ಅರಿಯಬೇಕಾದರೆ, ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತಿನ ವ್ಯಾಪಾರವನ್ನು ಪರಿಶೀಲಿಸಬೇಕು.

ಸುಮಾರು 1.5 ಕಿಲೋಗ್ರಾಂ ತೂಗುವ ಈ ಅಂಗದೊಳಗೆ ನಿಮಿಷಕ್ಕೆ ಹೆಚ್ಚುಕಡಮೆ 1.5 ಲೀಟರ್ ರಕ್ತ ಹರಿಯುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಜೀರ್ಣಾಂಗಗಳಿಂದ ನೇರವಾಗಿ ಬರುವುದಾದ್ದರಿಂದ, ಉಂಡ ಅನ್ನದ, ಕುಡಿದ ನೀರಿನ ದೋಷಗಳನ್ನು ಮೊದಲು ಎದುರಿಸಬೇಕಾದುದು ಯಕೃತ್ತೇ. ಇದಕ್ಕೆ ಪ್ರಕೃತಿ ಅಸಾಧಾರಣವಾದ ಪುನರುಜ್ಜೀವನ ಶಕ್ತಿಯನ್ನು ದಯಪಾಲಿಸಿದೆ. ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮನುಷ್ಯನ ವಯಸ್ಸು ಇಪ್ಪತ್ತಾಗಿರಲಿ ಎಂಬತ್ತಾಗಿರಲಿ, ಯಕೃತ್ತಿನ ಜೀವಕೋಶಗಳ ಸರಾಸರಿ ವಯಸ್ಸು ಮೂರು ವರ್ಷಗಳನ್ನು ಮೀರುವುದಿಲ್ಲ.

ಆದರೆ ವಿಷವನ್ನು ಹದಗೊಳಿಸುವ ಕಾರ್ಯವೇ ಕೆಲವೊಮ್ಮೆ ವಿಷವನ್ನು ಹುಟ್ಟಿಸುವುದುಂಟು. ತೋಟಗಾರರಿಗೆ ಪರಿಚಿತವಾದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು ಯಕೃತ್ತಿನ ಕಿಣ್ವಗಳು ಮಾರ್ಪಡಿಸುವಾಗ ಮೂಲವಸ್ತುವಿಗಿಂತ ಉಗ್ರತರವಾದ ಮಧ್ಯಂತರ ಪದಾರ್ಥವೊಂದು ತಲೆದೋರುತ್ತದೆ. ಇಂಥವುಗಳನ್ನೂ ಕ್ಯಾಡ್ಮಿಯಂನಂಥ ಲೋಹಗಳನ್ನೂ ನಿಗ್ರಹಿಸಲು ಜೀವಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ದ್ರವ್ಯವಿದೆ. ಅದು ಕ್ಷಯಿಸಿದಾಗ ಆಮ್ಲಜನಕದ ಉತ್ಕಟ ಕಣಗಳು ಡಿಎನ್‌ಎ ತಂತುವನ್ನೇ ಘಾಸಿಗೊಳಿಸುತ್ತವೆ.

ಹೀಗೆ ಘಾಸಿಗೊಂಡ ಜೀವಕೋಶ ಅರ್ಬುದಕ್ಕೆಡೆಗೊಡದಂತೆ ತನ್ನ ವಿಭಜನೆಯನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದುಂಟು. ಇದೇ ಜೀವಕೋಶದ ಜರಾವಸ್ಥೆ. ಅದು ಸಾಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ: ಉರಿಯೂತವನ್ನು ಕೆರಳಿಸುವ ದ್ರವ್ಯಗಳನ್ನು ಸ್ರವಿಸುತ್ತ ನೆರೆಯ ಕೋಶಗಳಿಗೂ ಮುಪ್ಪನ್ನು ಹರಡುತ್ತದೆ. ಈ ಉರಿಯೂತ ದೀರ್ಘಕಾಲ ನಿಂತರೆ, ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆಯಂತೆ, ಮೃದುವಾದ ಅಂಗಾಂಶದ ಸ್ಥಾನವನ್ನು ಗಡುಸಾದ ನಾರು ಆಕ್ರಮಿಸುತ್ತದೆ. ಕೊನೆಗೆ ಅದು ಸಿರೋಸಿಸ್ ರೋಗಕ್ಕೆ ದಾರಿಮಾಡೀತು. ಮದ್ಯಪಾನ, ಸ್ಥೂಲಕಾಯ, ಹೆಪಟೈಟಿಸ್ ವೈರಸ್ಸುಗಳು ಜೊತೆಗೂಡಿದರೆ ಆ ದಾರಿ ಮತ್ತಷ್ಟು ಹತ್ತಿರವಾಗುತ್ತದೆ.

ಯಕೃತ್ತನ್ನು ತೊಳೆಯುವುದಾಗಿ ಹೇಳಿಕೊಳ್ಳುವ ಪೇಟೆಯ ಕಷಾಯಗಳಿಂದ ಈ ಹಾನಿ ನೀಗಲಾರದು. ದ್ರಾಕ್ಷಿತೋಟದಲ್ಲಿ ಔಷಧಿ ಸಿಂಪಡಿಸುವವನಿಗೆ ಕೈಗವಸೂ ಮುಖಗವಸೂ ದೊರೆಯಬೇಕು. ಕಾರ್ಖಾನೆಯ ತ್ಯಾಜ್ಯ ಕಾರ್ಖಾನೆಯ ಗಡಿಯೊಳಗೇ ಶುದ್ಧವಾಗಬೇಕು. ವ್ಯಕ್ತಿಯೊಬ್ಬನು ಎಷ್ಟೇ ಮಿತಾಹಾರಿಯಾಗಿದ್ದರೂ ತಾನು ಕುಡಿಯುವ ಅಂತರ್ಜಲವನ್ನು ತಾನೊಬ್ಬನೇ ಕಾಪಾಡಿಕೊಳ್ಳಲಾರನಾದ್ದರಿಂದ, ಯಕೃತ್ತಿನ ಆರೋಗ್ಯ ವೈದ್ಯನ ಹೊಣೆಯಾಗುವುದಕ್ಕೆ ಮೊದಲೇ ನಗರಸಭೆಯ, ಉದ್ಯಮಿಯ, ಸರ್ಕಾರದ ಹೊಣೆಯಾಗಿದೆ.